ಸಗರನಾಡಿನ ಭಾಷಾಭ್ಯಾಸ

ಸಗರನಾಡಿನಲ್ಲಿ, ಎಂದರೆ ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರ ಶಹಾಪುರಗಳಲ್ಲಿಯೂ, ಭೀಮೆಯ ಆಚೆಯ ಯಾದಗಿರಿಯಲ್ಲಿಯೂ ಒಂದೇ ನುಡಿಯಿಂದ ಬಾಳು ಸಾಗಿಸಿದವರು ಹಿಂದಿನಿಂದಲೂ ವಿರಳ. ಆದರೆ ಆ ಬಹುಭಾಷಿಕತೆ ಎಲ್ಲರಿಗೂ ಒಂದೇ ಬಾಗಿಲಿನಿಂದ ಬಂದುದಲ್ಲ. ತಾಂಡಾದ ಲಂಬಾಣಿ ಶಿಶು ತಾಯ ಮಡಿಲಲ್ಲಿ ಗೋರಬೋಲಿಯನ್ನೂ, ತುಸು ಬೆಳೆದ ಮೇಲೆ ಹೊಲದ ಬದುವಿನಲ್ಲಿ ಕನ್ನಡವನ್ನೂ ಕಲಿಯುತ್ತಿದ್ದಿತು. ಗುರುಮಠಕಲ್ಲಿನ ಕಡೆಯ ವ್ಯಾಪಾರಿ ತೆಲುಗಿನಲ್ಲಿ ಬೆಲೆ ಕೇಳಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದನು. ನೆರೆಮನೆಯ ದಖನಿ ಮಾತನ್ನು ಪೂರ್ಣವಾಗಿ ಗ್ರಹಿಸಿಯೂ ಕನ್ನಡದಲ್ಲಿಯೇ ಉತ್ತರಿಸುವ ಗೃಹಿಣಿಯರೂ ಇದ್ದರು. ಮಾತಾಡದವರನ್ನು ಭಾಷೆ ಬಾರದವರೆಂದು ಎಣಿಸುವುದು ಅನ್ಯಾಯ.

ಬಾಲ್ಯ ಕಳೆದ ಮೇಲೆ ಕಲಿತವರೂ ಇಲ್ಲಿ ಬಾಳಿದರು. 1824ರಲ್ಲಿ ಹದಿನಾರರ ಹೊಸ್ತಿಲಲ್ಲಿ ಭಾರತಕ್ಕೆ ಬಂದು ಹಿಂದೂಸ್ತಾನಿಯನ್ನು ಸ್ವಾಧೀನಪಡಿಸಿಕೊಂಡ ಆಂಗ್ಲ ಅಧಿಕಾರಿ ಮೆಡೋಸ್ ಟೇಲರ್ ಮಹಾಶಯನು, 1841ರಿಂದ ಸುರಪುರದ ರಾಜಕೀಯ ಪ್ರತಿನಿಧಿಯಾಗಿ ಬಾಲರಾಜ ವೆಂಕಟಪ್ಪನಾಯಕನ ಪಾಲನೆಯ ಹೊಣೆ ಹೊತ್ತು, ಆತನಿಂದ ‘ಅಪ್ಪಾ’ ಎಂದು ಕರೆಸಿಕೊಂಡನು. ಅನ್ಯದೇಶೀಯನೊಬ್ಬನಿಗೆ ದೊರೆತ ಈ ಸಂಬೋಧನೆ ವ್ಯಾಕರಣ ಪಾಠದಿಂದ ಬಂದುದಲ್ಲ, ಒಡನಾಟದಿಂದ ಬಂದುದು.

1858ರ ಬಂಡಾಯದ ತರುವಾಯ ಸುರಪುರ ಸಂಸ್ಥಾನವಳಿದು ಪ್ರಾಂತ್ಯವು ಹೈದರಾಬಾದಿನ ನಿಜಾಮನ ವಶವಾಯಿತು. 1880ರ ದಶಕದಲ್ಲಿ ಆಡಳಿತದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದು, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಅದೇ ಬೋಧನಾಮಾಧ್ಯಮವಾದುದರಿಂದ, ಉನ್ನತ ವಿದ್ಯೆಯನ್ನೂ ಸರಕಾರಿ ನೌಕರಿಯನ್ನೂ ಬಯಸಿದ ಕನ್ನಡದ ಹುಡುಗನು ಮನೆಯಲ್ಲಿ ಎಂದೂ ಕೇಳದ ವಾಕ್ಯಗಳಲ್ಲಿ ಗಣಿತವನ್ನೂ ಚರಿತ್ರೆಯನ್ನೂ ಅರಗಿಸಿಕೊಳ್ಳಬೇಕಾಗಿದ್ದಿತು. ಮುಸಲ್ಮಾನ ಬಾಲಕನಿಗೂ ಅದು ಸುಲಭವಾಗಿರಲಿಲ್ಲ. ಮನೆಯ ದಖನಿಯಲ್ಲಿ ಬೇಡವೆನ್ನಲು ‘ನಕ್ಕೊ’ ಎನ್ನುತ್ತಿದ್ದ ಅವನಿಗೆ ‘ನಹೀಂ ಚಾಹಿಯೇ’ ಎಂಬ ಪುಸ್ತಕದ ಉರ್ದುವೂ ಕಲಿತೇ ಬರಬೇಕಾದುದಾಗಿತ್ತು. ಸಂತೆಯಲ್ಲಿ ತಪ್ಪಾಡಿದರೂ ವ್ಯವಹಾರ ನಡೆಯುತ್ತಿದ್ದಿತು. ಶಾಲೆಯಲ್ಲಿಯಾದರೋ ತಪ್ಪಿಗೆ ಅಂಕ ಕಳೆಯುತ್ತಿದ್ದಿತು, ಬಾಲಕನ ಬಾಯಿ ಕಟ್ಟುತ್ತಿದ್ದಿತು. ಜಾಣ ಮಕ್ಕಳೆಷ್ಟೋ ಮಂದಿ ದಡ್ಡರೆನಿಸಿಕೊಂಡುದು ಈ ಕಾರಣದಿಂದಲೇ ಎಂದು ನಾನು ದೃಢವಾಗಿ ನಂಬಿದ್ದೇನೆ.

1948ರ ಸಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡು, 1956ರ ನವೆಂಬರ 1ರಂದು ಈ ಸೀಮೆ ವಿಶಾಲ ಮೈಸೂರಿನಲ್ಲಿ ಸೇರಿದಾಗ ಮತ್ತೊಂದು ಬಗೆಯ ಅಭ್ಯಾಸಿಗಳು ಕಾಣಿಸಿಕೊಂಡರು. ಉರ್ದುವಿನಲ್ಲಿ ಓದಿ, ಬಲದಿಂದ ಎಡಕ್ಕೆ ಲೇಖನಿ ನಡೆಸಿ ನುರಿತ ನೌಕರರು, ತಾವು ಹುಟ್ಟಿದಂದಿನಿಂದ ಆಡುತ್ತಿದ್ದ ಕನ್ನಡವನ್ನು ನಡುವಯಸ್ಸಿನಲ್ಲಿ ಕಚೇರಿಯ ಬರವಣಿಗೆಗೆ ಒಗ್ಗಿಸಿಕೊಳ್ಳಬೇಕಾಯಿತು. ಒತ್ತಕ್ಷರ ದೀರ್ಘಗಳಲ್ಲಿ ಎಡವಿದ ಆ ಹಿರಿಯರು, ಅರ್ಜಿದಾರ ರೈತನು ಎದುರು ನಿಂತು ಹೇಳಿದುದರಲ್ಲಿ ಮಾತ್ರ ಒಂದಕ್ಷರವನ್ನೂ ತಪ್ಪಿ ತಿಳಿದವರಲ್ಲ.