ನಮ್ಮ ಸೀಮೆಗೆ ಕರೆಂಟು ಬಂದ ಬಗೆ

ಬೆಳ್ಳಿ ಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಎರಡು ಸಲ ಹೇಳಿ ಕಳಿಸಿದರು. ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಬರೆಯುತ್ತಿದ್ದೇವೆ, ತಪ್ಪಿದ್ದರೆ ಸದಸ್ಯ ಬಾಂಧವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ಹುಟ್ಟಿದ್ದು 1902ರಲ್ಲಿ. ಅದು ಮೊದಲು ಹೋದದ್ದು 90 ಮೈಲಿಗೂ ದೂರದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ನಡುವಿನ ಹಳ್ಳಿಗಳಿಗೆ ತಲೆಯ ಮೇಲೆ ತಂತಿ ಮಾತ್ರ. ದೊಡ್ಡ ಲೈನಿನಿಂದ ನೇರ ಮನೆಗೆ ಎಳೆಯಲು ಬರುವುದಿಲ್ಲವಲ್ಲ, ಇಳಿಸಲು ಸ್ಟೇಷನ್ನು, ಟ್ರಾನ್ಸ್‌ಫಾರ್ಮರು ಬೇಕು.

ನಮ್ಮ ಮಲೆನಾಡಿನದು ಇನ್ನೂ ಬೇಸರದ ಕಥೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದು ಶರಾವತಿ ನಾಡಿಗೆಲ್ಲ ಬೆಳಕು ಕೊಟ್ಟಳು. ಅದಕ್ಕಾಗಿ ಗದ್ದೆ ಮನೆ ಮುಳುಗಿಸಿಕೊಂಡು ಕಾಡಿನ ಮೂಲೆ ಸೇರಿದವರಲ್ಲಿ ಎಷ್ಟೋ ಜನ ದಶಕಗಟ್ಟಲೆ ಚಿಮಣಿ ಬುಡ್ಡಿಯಲ್ಲೇ ಕಾಲ ಕಳೆದರು. ಸರ್ಕಾರದ ಲೆಕ್ಕವೂ ಹಾಗೇ ಇತ್ತು. 1997ರವರೆಗೆ ಊರಿನ ಎಲ್ಲೆಯೊಳಗೆ ಎಲ್ಲೋ ಒಂದು ಕಡೆ ಕರೆಂಟು ಬಳಸಿದರೂ ಸಾಕು, ಇಡೀ ಊರು ವಿದ್ಯುದೀಕರಣ ಆದಂತೆ! 2004ರಲ್ಲಿ ನೂರಕ್ಕೆ ಹತ್ತು ಮನೆಗಾದರೂ ಇರಬೇಕೆಂದಾಯಿತು.

ಸಹಕಾರಿಗಳು ಹೆಮ್ಮೆಪಡುವ ಒಂದು ಮಾತಿದೆ. 1969ರಲ್ಲಿ ಹುಕ್ಕೇರಿಯ ರೈತರು ವಿದ್ಯುತ್ ಸಹಕಾರ ಸಂಘವನ್ನೇ ಕಟ್ಟಿದರು. ಕರೆಂಟು ಸಗಟಾಗಿ ಕೊಂಡು ತಾವೇ ಹಳ್ಳಿಗಳಿಗೆ ಹಂಚಿದರು.

ನಾವು ಅಷ್ಟು ದೊಡ್ಡವರಲ್ಲ. ಮೇಲಿನ ಮಜರೆಯಲ್ಲಿ ಏಳೇ ಮನೆ, ನಡುವೆ ಕಾಡು. ಏಳು ಮನೆಗೆ ಇಷ್ಟು ಕಂಬವೇ ಎಂದು ಅರ್ಜಿ ವಾಪಸ್ಸು ಬಂತು. ಹಳ್ಳದ ನೀರು ಪೈಪಿನಲ್ಲಿ ಇಳಿಸಿ ಸಣ್ಣ ಟರ್ಬೈನ್ ಕೂರಿಸುತ್ತೇವೆ, ಸಾಲ ಕೊಡಿ ಎಂದು ಅವರು ಸಂಘಕ್ಕೆ ಬಂದರು. ಸಭೆಯಲ್ಲಿ ದೊಡ್ಡ ಜಗಳ. ದೀಪಕ್ಕೆ ಸಾಲ ಕೊಡಲು ಬೈಲಾದಲ್ಲಿ ಅವಕಾಶ ಎಲ್ಲಿದೆ ಎಂದು ನಮ್ಮಲ್ಲೇ ಕೆಲವರು ಎದ್ದು ಹೊರಟರು. ಕೊನೆಗೆ ನೀರಾವರಿ ಪೈಪಿನ ಸಾಲ ಎಂದು ಬರೆದುಕೊಂಡೆವು. ಪೈಪು ಪೈಪೇ ತಾನೆ? ಆಡಿಟಿನವರು ಕೇಳಿದಾಗ ಬೆವರಿದ್ದು ನಿಜ, ಆದರೆ ಏಳೂ ಮನೆಯವರು ಒಂದು ಕಂತನ್ನೂ ತಪ್ಪಿಸಲಿಲ್ಲ.

ಬೇಸಿಗೆಗೆ ಹಳ್ಳ ಒಣಗಿದರೆ ಆ ದೀಪ ಇಲ್ಲ. 2017ರ ಸೌಭಾಗ್ಯ ಯೋಜನೆ ಬಂದ ಮೇಲೆ ಅವರಿಗೂ ಕಂಬ ಬಂತು. ಟರ್ಬೈನ್ ಮಾರಿಬಿಡಿ ಎಂದು ನಾವೇ ಬುದ್ಧಿ ಹೇಳಿದ್ದೆವು, ಪುಣ್ಯಕ್ಕೆ ಅವರು ಕೇಳಲಿಲ್ಲ. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ನಾಲ್ಕು ದಿನ ಕರೆಂಟಿಲ್ಲ, ಹಳ್ಳ ತುಂಬಿ ಹರಿಯುವುದೂ ಆಗಲೇ. ಪೈಪಿನ ಬಾಯಿಗೆ ಸಿಕ್ಕಿದ ತರಗೆಲೆ ತೆಗೆದು ಅವರು ದೀಪ ಹಚ್ಚುತ್ತಾರೆ. ಕೆಳಗಿನ ಊರಿನ ನಾವು ಕೊಡೆ ಹಿಡಿದು ಮೊಬೈಲ್ ಚಾರ್ಜಿಗೆಂದು ಅವರ ಜಗುಲಿ ಹತ್ತುತ್ತೇವೆ.