ಉಪ್ಪು, ಸ್ಪಂಜಿನ ಬೂದಿ ಮತ್ತು ಗಳಗಂಡ: ಜನಪದ ವೈದ್ಯಜ್ಞಾನದ ಒಂದು ಅಧ್ಯಾಯ

ನಿರ್ನಾಳ ಗ್ರಂಥಿಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪ್ರಯೋಗಶಾಲೆಯಿಂದ ಆರಂಭಿಸುತ್ತಾರೆ. 1905ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ 'ಹಾರ್ಮೋನ್' ಎಂಬ ಪದವನ್ನು ಬಳಕೆಗೆ ತಂದುದು ಆ ಚರಿತ್ರೆಯ ಪ್ರಸಿದ್ಧ ಘಟ್ಟ. ಗಳಗಂಡದ ಮಟ್ಟಿಗೆ ಈ ಕ್ರಮ ಸಾಲದು. ಥೈರಾಯ್ಡ್ ಗ್ರಂಥಿಯ ಕಾರ್ಯವೇನೆಂಬುದು ತಿಳಿಯುವುದಕ್ಕೆ ಶತಮಾನಗಳ ಮೊದಲೇ ಅದರ ಮದ್ದು ಜನರ ಕೈಯಲ್ಲಿತ್ತು.

ಸುಶ್ರುತಸಂಹಿತೆಯು ಗಳಗಂಡವನ್ನು ಪ್ರತ್ಯೇಕ ವ್ಯಾಧಿಯಾಗಿಯೇ ವಿವರಿಸುತ್ತದೆ. ಚೀನಾದಲ್ಲಿ ಕ್ರಿ.ಶ. 4ನೆಯ ಶತಮಾನದ ಹೊತ್ತಿಗೆ ಇದಕ್ಕೆ ಕಡಲಪಾಚಿಯನ್ನು ಕೊಡುತ್ತಿದ್ದರು. 12ನೆಯ ಶತಮಾನದ ಇಟಲಿಯ ಸಲೆರ್ನೊ ಪರಂಪರೆಯಲ್ಲಿ ಸುಟ್ಟ ಸಮುದ್ರಸ್ಪಂಜಿನ ಬೂದಿಯ ಉಲ್ಲೇಖವಿದೆ. ಒಂದಕ್ಕೊಂದು ಸಂಪರ್ಕವಿಲ್ಲದಂತೆ ತೋರುವ ನಾಡುಗಳು ಮದ್ದಿಗಾಗಿ ಕಡಲಿನತ್ತಲೇ ಕೈಚಾಚಿದುದು ಗಮನಾರ್ಹ.

1811ರಲ್ಲಿ ಫ್ರಾನ್ಸಿನ ಬರ್ನಾರ್ ಕುರ್ತ್ವಾ ಕಡಲಪಾಚಿಯ ಬೂದಿಯಲ್ಲಿ ಅಯೋಡಿನ್ನನ್ನು ಕಂಡನು. ಸ್ಪಂಜಿನ ಬೂದಿಯ ಗುಣವೂ ಇದರಿಂದಲೇ ಬಂದಿರಬೇಕೆಂದು ಊಹಿಸಿದ ಜಿನೀವಾದ ವೈದ್ಯ ಕ್ವಾಂದೆ, 1820ರಲ್ಲಿ ರೋಗಿಗಳಿಗೆ ಅಯೋಡಿನ್ನನ್ನೇ ಕೊಟ್ಟನು. ಇದನ್ನು ಕ್ವಾಂದೆಯ ಶೋಧವೆಂದು ಕರೆಯುವುದು ವಾಡಿಕೆ. ಜನರ ಮದ್ದಿನ ಸಾರವನ್ನು ಅವನು ಗುರುತಿಸಿದನೆನ್ನುವುದೇ ಹೆಚ್ಚು ಸರಿ. ದಕ್ಷಿಣ ಅಮೆರಿಕದ ಆಂಡೀಸ್ ಪ್ರದೇಶದಲ್ಲಿದ್ದ ಬುಸೆಂಗೊ ಎಂಬ ರಸಾಯನಶಾಸ್ತ್ರಜ್ಞನ ಸಂಗತಿ ಇನ್ನೂ ಸ್ಪಷ್ಟವಾದುದು. ಕೆಲವು ಬುಗ್ಗೆಗಳ ಉಪ್ಪು ಗಳಗಂಡವನ್ನು ತಡೆಯುತ್ತದೆಂಬ ಸ್ಥಳೀಯರ ನಂಬಿಕೆಯನ್ನು ಅವನು ತಳ್ಳಿಹಾಕಲಿಲ್ಲ, ಉಪ್ಪನ್ನು ಪರೀಕ್ಷಿಸಿದನು. ಅದರಲ್ಲಿ ಅಯೋಡಿನ್ ಇತ್ತು. ಅಂಥ ಉಪ್ಪನ್ನು ಜನರಿಗೆ ಒದಗಿಸಬೇಕೆಂದು 1830ರ ದಶಕದಲ್ಲಿಯೇ ಬರೆದನು. ಸ್ವಿಟ್ಜರ್ಲೆಂಡಿನಲ್ಲಿ ಅಯೋಡಿನ್ ಉಪ್ಪಿನ ಮಾರಾಟ ತೊಡಗಿದ್ದು 1922ರಲ್ಲಿ. ನಡುವಿನ ಸುಮಾರು 90 ವರ್ಷಗಳಲ್ಲಿ ಆಲ್ಪ್ಸ್ ಕಣಿವೆಗಳಲ್ಲಿ ಬುದ್ಧಿ ಬೆಳೆಯದ, ಕಿವಿ ಕೇಳದ ಮಕ್ಕಳು ಹುಟ್ಟುತ್ತಲೇ ಇದ್ದರು.

ಶಾಸ್ತ್ರದ ವಿವರಣೆ ನಿಧಾನವಾಗಿ ಬಂದಿತು. 1895ರಲ್ಲಿ ಜರ್ಮನಿಯ ಬೌಮನ್ ಥೈರಾಯ್ಡಿನಲ್ಲಿಯೇ ಅಯೋಡಿನ್ ಇರುವುದನ್ನು ತೋರಿಸಿದನು. 1914ರಲ್ಲಿ ಅಮೆರಿಕದ ಕೆಂಡಾಲ್ ಥೈರಾಕ್ಸಿನ್ನನ್ನು ಬೇರ್ಪಡಿಸಿದನು. ಅಯೋಡಿನ್ ಸಾಲದಾದಾಗ ರಕ್ತದಲ್ಲಿ ಥೈರಾಕ್ಸಿನ್ ಇಳಿಯುತ್ತದೆ. ಅದನ್ನರಿತ ಪಿಟ್ಯುಟರಿ ಗ್ರಂಥಿಯು ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತದೆ. ಕಚ್ಚಾವಸ್ತುವಿಲ್ಲದೆ ದುಡಿಯಬೇಕಾದ ಥೈರಾಯ್ಡ್ ಊದಿಕೊಳ್ಳುತ್ತದೆ. ಊರವರು ನಗೆಯಾಡುತ್ತಿದ್ದ ಆ ಗಂಟು, ಕೊರತೆಯನ್ನು ತುಂಬಿಕೊಳ್ಳಲು ದೇಹ ನಡೆಸಿದ ಪ್ರಯತ್ನವಾಗಿತ್ತು. ಗರ್ಭಿಣಿಯಲ್ಲಿ ಈ ಕೊರತೆ ತೀವ್ರವಾದರೆ ಶಿಶುವಿನ ಮಿದುಳು ಬೆಳೆಯುವುದಿಲ್ಲ.

ಭಾರತದಲ್ಲಿ ಈ ಚರಿತ್ರೆಯ ಮುಖ್ಯ ನೆಲೆ ಹಿಮಾಲಯದ ಕಾಂಗ್ರಾ ಕಣಿವೆ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಅಲ್ಲಿ ಅಧ್ಯಯನವನ್ನು ಆರಂಭಿಸಿ, ಪ್ರದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಎರಡು ವಲಯಗಳಿಗೆ ಅಯೋಡಿನ್ ಸೇರಿಸಿದ ಉಪ್ಪು, ನಡುವಿನದಕ್ಕೆ ಬರಿಯ ಉಪ್ಪು. 1962ರ ವೇಳೆಗೆ ಮೊದಲಿನ ಎರಡರಲ್ಲಿ ಗಳಗಂಡ ಗಣನೀಯವಾಗಿ ಇಳಿದಿತ್ತು. ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದುದೂ ಅದೇ ವರ್ಷ. ಈ ಪ್ರಯೋಗವನ್ನು ಹೊಗಳುವವರು ನಡುವಲಯದ ಮಾತನ್ನು ಬೇಗ ದಾಟಿಬಿಡುತ್ತಾರೆ. ಮದ್ದು ಯಾವುದೆಂದು ಬಲ್ಲವರ ಕಣ್ಣೆದುರೇ ಅಲ್ಲಿನ ತಾಯಂದಿರು ಅಷ್ಟು ವರ್ಷ ಬರಿಯ ಉಪ್ಪನ್ನು ಉಂಡರು. ಬಳಿಕ ಅವರಿಗೂ ಅಯೋಡಿನ್ ಉಪ್ಪು ದೊರೆಯಿತು. ಅಲ್ಲಿಯೂ ಗಳಗಂಡ ಇಳಿಯಿತು.