ಮೂವರು ಕೃಷ್ಣರಾಜರು, ಇಬ್ಬರು ಚಾಮರಾಜರು

ತಮಿಳುನಾಡಿನ ಗಡಿಗೆ ಹತ್ತಿರವಿರುವ ಚಾಮರಾಜನಗರಕ್ಕೂ ಬೆಂಗಳೂರಿನ ಚಾಮರಾಜಪೇಟೆಗೂ ಹೆಸರು ಬಂದದ್ದು ಒಬ್ಬನೇ ದೊರೆಯಿಂದ ಎಂದು ತಿಳಿಯುವುದು ಸುಲಭ. ಆದರೆ ಅವರು ಬೇರೆ ಬೇರೆ. ಅರಿಕುಠಾರ ಎಂಬ ಹಳೆಯ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಖಾಸಾ ಚಾಮರಾಜರ ಹೆಸರಿಟ್ಟರು. ತಂದೆ ಹುಟ್ಟಿದ್ದು ಅಲ್ಲಿ. 1892ರಲ್ಲಿ ಎದ್ದ ಚಾಮರಾಜಪೇಟೆಯದು ಮುಮ್ಮಡಿಯವರ ದತ್ತುಪುತ್ರ ಚಾಮರಾಜೇಂದ್ರರ ಹೆಸರು. ನಡುವೆ ನಿಂತ ಕೃಷ್ಣರಾಜರಿಗೆ ತಂದೆಯೂ ಚಾಮರಾಜ, ಮಗನೂ ಚಾಮರಾಜ.

ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿ ಎಷ್ಟೋ ಕನ್ನಡ ಮನೆಗಳಲ್ಲಿದೆ. ಮನೆಯವರಿಗೆ ಅದರಿಂದ ತೊಡಕಾಗುತ್ತಿರಲಿಲ್ಲ, ಅಡ್ಡಹೆಸರುಗಳಿದ್ದವು. ಮೈಸೂರಿನ ಅರಸರಲ್ಲೂ ಬೋಳ ಚಾಮರಾಜ, ದೊಡ್ಡ ದೇವರಾಜ, ಚಿಕ್ಕ ದೇವರಾಜ ಇದ್ದಾರೆ. ಮಾತು ಬಾರದ ಒಬ್ಬ ಕಂಠೀರವ ನರಸರಾಜರನ್ನು ಜನ ಮೂಕರಸು ಎಂದೇ ಕರೆದರು. ಇಂದಿಗೆ ಒರಟೆನಿಸಿದರೂ, ವಂಶಾವಳಿ ಬಿಡಿಸುವವನಿಗೆ ಇಂಥ ಹೆಸರು ಅಂಕಿಗಿಂತ ಹೆಚ್ಚು ನೆರವಾಗುತ್ತದೆ.

ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂಬ ಎಣಿಕೆ ಚೊಕ್ಕಟವಾಗಿ ಕಾಣುತ್ತದೆ, ನಿಜ. ಆದರೆ ಅದು ಎಣಿಸುವುದು ಸಿಂಹಾಸನವನ್ನು, ರಕ್ತಸಂಬಂಧವನ್ನಲ್ಲ. 1776ರಲ್ಲಿ ಖಾಸಾ ಚಾಮರಾಜರನ್ನು ಅರಮನೆಗೆ ತಂದಾಗ ಹೈದರಾಲಿ ಮಕ್ಕಳ ಮುಂದೆ ಆಟದ ಸಾಮಾನು ಹರಡಿ, ಕಠಾರಿ ಹಿಡಿದವನನ್ನು ಆರಿಸಿದನೆಂದು ಕಥೆ. ಆ ಹುಡುಗನನ್ನು ದತ್ತು ಪಡೆದವರು ಇಮ್ಮಡಿ ಕೃಷ್ಣರಾಜರ ವಿಧವೆ ಲಕ್ಷ್ಮಮ್ಮಣ್ಣಿ. ಹೀಗಾಗಿ 1799ರಲ್ಲಿ ಐದು ವರ್ಷದ ಮುಮ್ಮಡಿಯವರಿಗೆ ಪಟ್ಟವಾದಾಗ, ಅವರು ಇಮ್ಮಡಿಯವರ ಮೊಮ್ಮಗ ಎಂಬುದು ದತ್ತಿನ ಲೆಕ್ಕ ಮಾತ್ರ.

ಮುಂದಿನ ಗಂಟು ಇನ್ನೂ ಬಿಗಿ. 1865ರಲ್ಲಿ ಮುಮ್ಮಡಿಯವರು ದತ್ತು ಪಡೆದ ಚಾಮರಾಜೇಂದ್ರರು ಹೊರಗಿನವರಲ್ಲ, ಅವರ ಮಗಳು ಪುಟ್ಟಮ್ಮಣ್ಣಿಯ ಮಗ. ಹೆತ್ತ ತಂದೆ ಬೆಟ್ಟದಕೋಟೆ ಮನೆತನದ ಚಿಕ್ಕ ಕೃಷ್ಣರಾಜೇ ಅರಸು. ಅಂದರೆ ಚಾಮರಾಜೇಂದ್ರರಿಗೆ ಹೆತ್ತಪ್ಪ ಕೃಷ್ಣರಾಜ, ಸಾಕಪ್ಪ ಕೃಷ್ಣರಾಜ, ಆಮೇಲೆ ಹುಟ್ಟಿದ ಮಗನೂ ಕೃಷ್ಣರಾಜ! ಆ ಮಗನೇ ಕನ್ನಂಬಾಡಿ ಕಟ್ಟಿಸಿದ ನಾಲ್ವಡಿ. ದತ್ತಿನ ಪ್ರಕಾರ ಅವರು ಮುಮ್ಮಡಿಯವರ ಮೊಮ್ಮಗ, ರಕ್ತದ ಪ್ರಕಾರ ಮರಿಮಗ. ಪಟ್ಟದ ಎಣಿಕೆಯಲ್ಲಿ ಚಿಕ್ಕ ಕೃಷ್ಣರಾಜರಿಗೆ ಜಾಗವೇ ಇಲ್ಲ.

ಇಲ್ಲಿ ಗಂಟು ಸಡಿಲವಾಗುವುದು ಹೆಂಗಸರ ಹೆಸರಿನಿಂದ. ಗಂಡಸರು ತಲೆಮಾರಿಗೊಮ್ಮೆ ಕೃಷ್ಣ, ಚಾಮ, ಕೃಷ್ಣ ಎಂದು ಮರಳಿ ಬರುತ್ತಾರೆ. ಲಕ್ಷ್ಮಮ್ಮಣ್ಣಿ, ಪುಟ್ಟಮ್ಮಣ್ಣಿ ಒಬ್ಬೊಬ್ಬರೇ. ಆದರೆ ನಮ್ಮ ಮನೆಗಳ ವಂಶವೃಕ್ಷದ ಹಾಳೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಈ ಹೆಸರುಗಳೇ. ಪುಟ್ಟಮ್ಮಣ್ಣಿಯನ್ನು ಬಿಟ್ಟರೆ ಚಾಮರಾಜೇಂದ್ರರು ಮುಮ್ಮಡಿಯವರಿಗೆ ಬರೀ ದತ್ತುಮಗ, ಮೊಮ್ಮಗನಲ್ಲ.

ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. 1940ರಲ್ಲಿ ಪಟ್ಟ ತಮ್ಮನ ಮಗ ಜಯಚಾಮರಾಜೇಂದ್ರರಿಗೆ ಹೋಯಿತು. ಆ ತಮ್ಮನ ಹೆಸರು ಕಂಠೀರವ ನರಸಿಂಹರಾಜ. 1638ರಲ್ಲಿ ಪಟ್ಟವೇರಿದ ರಣಧೀರನ ಹೆಸರು, ಮೂಕರಸನ ಹೆಸರು, ಮತ್ತೆ ಮನೆಗೆ ಬಂದಿತ್ತು.